ಕಲ್ನಾಡಿನಿಂದ ಕುಟುಂಬ ಪಿಂಚಣಿಯವರೆಗೆ: ಯೋಧರ ಮನೆಗಳನ್ನು ಪೊರೆದ ಬಗೆ

ಯುದ್ಧದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರಣರಂಗದ ಕಡೆಗೇ ಮುಖ ಮಾಡಿ ಬರೆದಿದ್ದಾರೆ. ದಂಡು ಹೊರಟ ದಿನ, ಕೋಟೆ ಬಿದ್ದ ದಿನ, ಸಂಧಿಯಾದ ದಿನಗಳಿಗೆ ದಾಖಲೆಗಳಿವೆ. ದಂಡು ಹೊರಟ ಮೇಲೆ ಊರಿನಲ್ಲಿ ಉಳಿದ ಮನೆಯ ಒಲೆ ಹೇಗೆ ಉರಿಯಿತು, ಹೊಲವನ್ನು ಯಾರು ಉತ್ತರು, ಹೋದವನು ಬದುಕಿದ್ದಾನೆಯೇ ಇಲ್ಲವೇ ಎಂಬುದು ಮನೆಯವರಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಶಾಸನಗಳ ಕೊನೆಯ ಸಾಲುಗಳನ್ನು, ಭೂಕಂದಾಯದ ನಿಯಮಗಳನ್ನು, ಅಂಚೆಯ ಮತ್ತು ಪಿಂಚಣಿಯ ಕಟ್ಟಳೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕಾಗುತ್ತದೆ. ಕರ್ನಾಟಕದ ಮಟ್ಟಿಗೆ ಹೀಗೆ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯೋಧ ಸತ್ತ ಮೇಲೆ ಅವನ ಮನೆಗೆ ಸಮಾಜ ತೀರಿಸಬೇಕಾದ ಋಣವನ್ನು ಈ ನಾಡು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿತ್ತು. ಆದರೆ ಅವನು ಬದುಕಿದ್ದು ದೂರದಲ್ಲಿ ಕಾದುತ್ತಿರುವಾಗ, ಅವನ ದಾರಿ ಕಾಯುತ್ತಿರುವ ಮನೆಗೂ ಒಂದು ಋಣ ಸಲ್ಲಬೇಕು ಎಂಬ ಅರಿವು ಬಹಳ ತಡವಾಗಿ, ತುಂಡು ತುಂಡಾಗಿ ಬಂದಿತು.

ಮೊದಲ ಋಣದ ಸಾಕ್ಷಿಗಳು ಕನ್ನಡ ನಾಡಿನ ಊರೂರಿನಲ್ಲಿ ನಿಂತಿವೆ. ವೀರಗಲ್ಲು ಎಂದರೆ ಹೋರಾಡಿ ಮಡಿದವನ ನೆನಪಿಗೆ ನೆಡಿಸಿದ ಕಲ್ಲು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ದೃಶ್ಯ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲಿನದರಲ್ಲಿ ಅವನು ಕೈಲಾಸದಲ್ಲಿಯೋ ಸ್ವರ್ಗದಲ್ಲಿಯೋ ಕುಳಿತಿರುವ ದೃಶ್ಯ ಇರುತ್ತವೆ. ಶಿಲ್ಪವನ್ನು ನೋಡುವವರ ಕಣ್ಣು ಈ ಮೂರು ಪಟ್ಟಿಕೆಗಳಲ್ಲಿಯೇ ನಿಲ್ಲುತ್ತದೆ. ಆದರೆ ಪಟ್ಟಿಕೆಗಳ ನಡುವೆ ಕೊರೆದ ಬರಹವಿದ್ದಾಗ ಅದರ ಕೊನೆಯ ಭಾಗದಲ್ಲಿ ಹಲವು ಸಲ ಒಂದು ಲೌಕಿಕ ವ್ಯವಹಾರ ದಾಖಲಾಗಿರುತ್ತದೆ. ಸತ್ತವನ ಮನೆಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು ಬಿಡಲಾಗಿದೆ ಎಂಬುದೇ ಆ ವ್ಯವಹಾರ. ಇಂಥ ಭೂಮಿಗೆ ಕಲ್ನಾಡು ಎಂದೂ ನೆತ್ತರುಕೊಡಗೆ ಎಂದೂ ಹೆಸರಿತ್ತು. ಕಲ್ನಾಡು ಎಂದರೆ ವೀರಗಲ್ಲಿನ ಜೊತೆಗೆ ಬಿಟ್ಟ ನೆಲ. ನೆತ್ತರುಕೊಡಗೆ ಎಂದರೆ ಸುರಿಸಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ನೆಲ. ಭೂಮಿಯ ಅಳತೆಯನ್ನು ಮತ್ತರು, ಕಮ್ಮಗಳಲ್ಲಿ, ಇಲ್ಲವೇ ಅದಕ್ಕೆ ಹಿಡಿಯುವ ಬಿತ್ತನೆಯ ಬೀಜದ ಲೆಕ್ಕದಲ್ಲಿ, ಅಂದರೆ ಖಂಡುಗಗಳಲ್ಲಿ ಹೇಳುತ್ತಿದ್ದರು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಈ ಪದ್ಧತಿಯನ್ನು ಹತ್ತಿರದಿಂದ ತೋರಿಸುತ್ತದೆ. ಹತ್ತನೆಯ ಶತಮಾನದ ಆರಂಭದ ಸುಮಾರಿಗೆ ಸೇರುವ ಈ ಕಲ್ಲಿನ ತುಂಬ ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಬಿದ್ದಂತೆ ಕಡೆಯಲ್ಪಟ್ಟಿವೆ. ಗಂಗ ದೊರೆ ಎರೆಯಪ್ಪನು ವೀರಮಹೇಂದ್ರನ ವಿರುದ್ಧ ಅಯ್ಯಪದೇವನಿಗೆ ನೆರವಾಗಲು ನಾಗತ್ತರನೆಂಬ ನಾಯಕನನ್ನು ದಂಡಿನೊಡನೆ ಕಳುಹಿಸಿದನೆಂದೂ, ತುಂಬೆಪಾಡಿಯ ಕಾಳಗದಲ್ಲಿ ಅವನು ಹೋರಾಡಿ ಸತ್ತನೆಂದೂ, ಆ ಸುದ್ದಿ ಕೇಳಿದ ದೊರೆಯು ಇರುಗನೆಂಬಾತನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು, ಅಂದರೆ ಬೇಗೂರಿನ ಸುತ್ತಲಿನ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನೆಂದೂ ಶಾಸನ ಹೇಳುತ್ತದೆ. ಒಬ್ಬ ಯೋಧ ಬಿದ್ದಾಗ ಅವನ ಸ್ಥಾನ ಬರಿದಾಗದಂತೆ, ಅವನ ಆಶ್ರಯದಲ್ಲಿ ಬಾಳುತ್ತಿದ್ದವರು ದಿಕ್ಕಿಲ್ಲದವರಾಗದಂತೆ ಪಟ್ಟವನ್ನೂ ನೆಲವನ್ನೂ ಒಟ್ಟಿಗೆ ದಾಟಿಸುವ ಕ್ರಮ ಇದು. ಬೆಂಗಳೂರಿನ ಹೆಸರು ಮೊದಲ ಬಾರಿಗೆ ಕಾಣಿಸುವ ಬೇಗೂರಿನ ಇನ್ನೊಂದು ಶಾಸನವೂ ಇದೇ ನಾಗತ್ತರನ ಆಶ್ರಿತನೊಬ್ಬ ಬೆಂಗುಳೂರ ಕಾಳಗದಲ್ಲಿ ಸತ್ತದ್ದನ್ನು ದಾಖಲಿಸುತ್ತದೆ. ಮಹಾನಗರದ ಹೆಸರು ಚರಿತ್ರೆಯನ್ನು ಪ್ರವೇಶಿಸಿದ್ದೇ ಒಂದು ಮನೆಯ ಸಾವಿನ ಮೂಲಕ ಎಂಬುದನ್ನು ಮರೆಯುವಂತಿಲ್ಲ.

ಈ ಕೊಡುಗೆಗಳು ಅರಸರಿಂದ ಮಾತ್ರ ಬರುತ್ತಿರಲಿಲ್ಲ. ದನಗಳನ್ನು ಹೊಡೆದುಕೊಂಡು ಹೋಗುವ ತುರುಗೋಳ್, ಹೆಂಗಸರ ಮಾನಕ್ಕೆ ಕುತ್ತು ಬರುವ ಪೆಣ್ಬುಯ್ಯಲ್, ಊರನ್ನು ಹಾಳುಗೆಡಹುವ ಊರಳಿವು ಮುಂತಾದ ಸಂದರ್ಭಗಳಲ್ಲಿ ಎದುರು ನಿಂತು ಮಡಿದ ಸಾಮಾನ್ಯರಿಗೆ ಊರಿನ ಗಾವುಂಡರೂ ಪ್ರಜೆಗಳೂ ಸೇರಿ ಭೂಮಿ ಬಿಟ್ಟ ನಿದರ್ಶನಗಳು ಹೇರಳವಾಗಿವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಲೋಕವನ್ನು ಕನ್ನಡ ಓದುಗರ ಮುಂದೆ ವಿಸ್ತಾರವಾಗಿ ತೆರೆದಿಟ್ಟ ಗ್ರಂಥಗಳು. ಅಲ್ಲಿ ಮೂಡುವ ಸಮಾಜದಲ್ಲಿ ಒಡೆಯ ಮತ್ತು ಆಳಿನ ಸಂಬಂಧಕ್ಕೆ ಜೋಳವಾಳಿ, ಅಂದರೆ ಉಂಡ ಜೋಳದ ಋಣ ಎಂಬ ಭಾವನೆ ಬುನಾದಿಯಾಗಿತ್ತು. ಒಡೆಯನ ಜೋಳವನ್ನು ಉಂಡವನು ಯೋಧನೊಬ್ಬನೇ ಅಲ್ಲ, ಅವನ ಮನೆಯೆಲ್ಲವೂ ಉಂಡಿರುತ್ತದೆ; ಹಾಗಾಗಿ ಅವನು ಪ್ರಾಣ ಕೊಟ್ಟು ಋಣ ತೀರಿಸಿದ ಮೇಲೆ ಆ ಮನೆಯ ಅನ್ನದ ಹೊಣೆ ಮತ್ತೆ ಒಡೆಯನ ಮೇಲೆ ಬೀಳುತ್ತಿತ್ತು.

ಕಲ್ಲಿನ ಬರಹಕ್ಕೆ ಇನ್ನೊಂದು ಉಪಯೋಗವೂ ಇತ್ತು. ಕೊಟ್ಟ ನೆಲವನ್ನು ಕಿತ್ತುಕೊಂಡವರು ವಾರಾಣಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುವರೆಂಬ ಶಾಪಾಶಯ, ಅಂದರೆ ದಾನಕ್ಕೆ ತಪ್ಪಿದವರಿಗೆ ಹಾಕಿದ ಶಾಪದ ಮಾತು, ಇಂಥ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಬರಿಯ ಧಾರ್ಮಿಕ ಅಲಂಕಾರವಲ್ಲ. ಗಂಡಸನ್ನು ಕಳೆದುಕೊಂಡ ಮನೆಯ ಹೊಲದ ಮೇಲೆ ದಾಯಾದಿಗಳ, ಊರ ಬಲಾಢ್ಯರ ಕಣ್ಣು ಬೀಳುವುದು ಅಂದಿಗೂ ಹೊಸದಲ್ಲ. ಊರ ನಡುವೆ, ದೇವಾಲಯದ ಎದುರಿನಲ್ಲಿ, ಕೆರೆಯ ಏರಿಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತ ಕಲ್ಲು ಆ ಮನೆಯ ಹಕ್ಕುಪತ್ರವೇ ಆಗಿತ್ತು. ಓದು ಬಾರದ ವಿಧವೆಯೂ ಬೆರಳು ಮಾಡಿ ತೋರಿಸಬಹುದಾದ ದಾಖಲೆ ಅದು.

ಆದರೂ ಈ ಪದ್ಧತಿಯ ಮಿತಿಗಳನ್ನು ಮುಚ್ಚಿಡುವಂತಿಲ್ಲ. ಬಳೆ ತೊಟ್ಟು ಮೇಲೆತ್ತಿದ ಕೈಯನ್ನು ಕಡೆದ ಮಾಸ್ತಿಗಲ್ಲುಗಳು, ಅಂದರೆ ಗಂಡನೊಡನೆ ಚಿತೆಯೇರಿದ ಮಹಾಸತಿಯರ ಕಲ್ಲುಗಳು, ಎಷ್ಟೋ ಕಡೆ ವೀರಗಲ್ಲುಗಳ ಪಕ್ಕದಲ್ಲಿಯೇ ಇವೆ. ಪೊರೆಯಬೇಕಾಗಿದ್ದ ಹೆಣ್ಣನ್ನೇ ಪೂಜಿಸಿ ಕಳೆದುಕೊಂಡ ಸಮಾಜ ಅದು ಎಂಬ ಕಹಿ ಸತ್ಯವನ್ನು ಆ ಕಲ್ಲುಗಳು ಹೇಳುತ್ತವೆ. ಇನ್ನೊಂದು ಮಿತಿ ಕಾಲಕ್ಕೆ ಸಂಬಂಧಿಸಿದ್ದು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಶೌರ್ಯ ಮೆರೆದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚು, ಅಂದರೆ ಖಡ್ಗವನ್ನು ತೊಳೆದು ಕೊಡುವ ಉಡುಗೊರೆಯಾಗಿ ನೀಡಿದ್ದನ್ನು ಆತಕೂರಿನ ಶಾಸನ ತಿಳಿಸುತ್ತದೆ. ಗೆದ್ದು ಬಂದವನಿಗೆ ಬಾಳ್ಗಚ್ಚು, ಸತ್ತವನ ಮನೆಗೆ ಕಲ್ನಾಡು. ಆದರೆ ಗಂಗವಾಡಿಯಿಂದ ತಕ್ಕೋಲದವರೆಗೆ ದಂಡು ನಡೆದು, ಕಾದಿ, ಹಿಂದಿರುಗುವ ತಿಂಗಳುಗಟ್ಟಲೆ ಕಾಲದಲ್ಲಿ ಆ ಮನೆಗಳ ಪಾಡೇನಾಗಿತ್ತು ಎಂಬುದರ ಬಗ್ಗೆ ಕಲ್ಲುಗಳು ಮೌನವಾಗಿವೆ. ಆ ಹೊರೆಯನ್ನು ಹೊತ್ತದ್ದು ಶಾಸನಕ್ಕೆ ಬಾರದ ಒಕ್ಕಲು, ನೆಂಟರು, ನೆರೆಹೊರೆ.

ಕಾಯುವ ಕಾಲಕ್ಕೂ ಆಸರೆಯಾಗಬಲ್ಲ ವ್ಯವಸ್ಥೆಯೊಂದು ರೂಪುಗೊಂಡದ್ದು ಭೂಮಿಯನ್ನು ಸಾವಿಗೆ ಬದಲಾಗಿ ಸೇವೆಗೇ ಅಂಟಿಸಿದಾಗ. ಹಾಲೇರಿ ಅರಸರ ಕಾಲದ ಕೊಡಗಿನ ಜಮ್ಮಾ ಹಿಡುವಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅರಸನು ಕರೆದಾಗ ಆಯುಧ ಹಿಡಿದು ಬರಬೇಕೆಂಬ ಷರತ್ತಿನ ಮೇಲೆ ವಂಶಪಾರಂಪರ್ಯವಾಗಿ ಅನುಭವಿಸಬಹುದಾದ ಭೂಮಿಗೆ ಜಮ್ಮಾ ಎನ್ನುತ್ತಾರೆ. ಸಾಗು ಎಂಬ ಸಾಧಾರಣ ಹಿಡುವಳಿಯಲ್ಲಿ ನೂರು ಭಟ್ಟಿ ಗದ್ದೆಗೆ 10 ರೂಪಾಯಿ ಕಂದಾಯವಿದ್ದರೆ ಜಮ್ಮಾಕ್ಕೆ 5 ರೂಪಾಯಿ ಮಾತ್ರ ಇತ್ತು. ಭಟ್ಟಿ ಎಂಬುದು ಭತ್ತದ ಅಳತೆಯಿಂದ ಬಂದ ಸ್ಥಳೀಯ ಲೆಕ್ಕ. ಈ ಭೂಮಿ ಒಬ್ಬ ವ್ಯಕ್ತಿಗೆ ಸೇರದೆ ಒಕ್ಕಕ್ಕೆ, ಅಂದರೆ ಒಂದೇ ಮೂಲಪುರುಷನಿಂದ ಬಂದ ಅವಿಭಕ್ತ ಮನೆತನಕ್ಕೆ ಸೇರುತ್ತಿದ್ದುದರಿಂದ ಒಬ್ಬ ಮಗ ದಂಡಿಗೆ ಹೋದರೆ ಉಳಿದವರು ಗದ್ದೆಯನ್ನು ನಡೆಸುತ್ತಿದ್ದರು. ಅವನ ಹೆಂಡತಿ ಮಕ್ಕಳು ಐನ್‌ಮನೆ ಎಂಬ ಮೂಲಮನೆಯ ನೆರಳಿನಲ್ಲಿಯೇ ಇರುತ್ತಿದ್ದರು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದ ಮೇಲೂ ಜಮ್ಮಾ ಉಳಿದುಕೊಂಡಿತು. ಮುಂದಿನ ಶತಮಾನದಲ್ಲಿ ಅಷ್ಟು ಚಿಕ್ಕ ಸೀಮೆಯಿಂದ ಅಷ್ಟೊಂದು ಜನ ಸೇನೆಗೆ ಸೇರಿದ್ದಕ್ಕೆ ಶೌರ್ಯದ ಪರಂಪರೆಯನ್ನಷ್ಟೇ ಕಾರಣವಾಗಿ ಹೇಳಿದರೆ ಸಾಲದು. ಹೋದವನ ಮನೆ ಹಸಿಯುವುದಿಲ್ಲ ಎಂಬ ಭರವಸೆಯೂ ಅದರ ಹಿಂದಿತ್ತು. ಮೈಸೂರು ಸಂಸ್ಥಾನದ ಕಂದಾಚಾರದ ಜವಾನರಿಗೆ, ಅಂದರೆ ಕೋಟೆ ಕಾವಲು ಮತ್ತು ಪೊಲೀಸು ಕೆಲಸ ಮಾಡುತ್ತಿದ್ದ ನಾಡಿನ ಪಡೆಗೆ, ಸಂಬಳದ ಒಂದು ಭಾಗವನ್ನು ಭೂಮಿಯ ರೂಪದಲ್ಲಿ ಕೊಡುತ್ತಿದ್ದುದರಲ್ಲಿಯೂ ಇದೇ ತರ್ಕವಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಂದಾಗ ಭೂಮಿಯ ಜಾಗವನ್ನು ನಗದು ಸಂಬಳ ಹಿಡಿಯಿತು. ಮದರಾಸು ಸೈನ್ಯದ ಸಿಪಾಯಿಗಳು ಹೆಂಡತಿ ಮಕ್ಕಳನ್ನು ಪಡೆಯ ಜೊತೆಯಲ್ಲಿಯೇ ಇಟ್ಟುಕೊಳ್ಳುವ ವಾಡಿಕೆಯವರಾಗಿದ್ದರು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡುಪ್ರದೇಶದ ಲೈನುಗಳಲ್ಲಿ, ಅಂದರೆ ಸಿಪಾಯಿಗಳ ಸಾಲುಮನೆಗಳಲ್ಲಿ, ಇಂಥ ಸಂಸಾರಗಳೇ ತುಂಬಿದ್ದವು. ಪಡೆ ಬರ್ಮಾದಂಥ ಕಡಲಾಚೆಯ ಯುದ್ಧಕ್ಕೆ ಹೊರಟಾಗ ಈ ಸಂಸಾರಗಳು ಹಿಂದೆ ಉಳಿಯಬೇಕಾಗುತ್ತಿತ್ತು; ಆಗ ಸಿಪಾಯಿಯ ಸಂಬಳದ ಒಂದು ಪಾಲನ್ನು ಊರಿನಲ್ಲಿರುವ ಮನೆಯವರಿಗೆ ಕೊಡಿಸುವ ‘ಫ್ಯಾಮಿಲಿ ಸರ್ಟಿಫಿಕೇಟ್’ ಎಂಬ ಚೀಟಿಯ ಪದ್ಧತಿ ಬಳಕೆಯಲ್ಲಿತ್ತು. ಸೇವೆಯಲ್ಲಿ ಸತ್ತವರ ಗಂಡುಮಕ್ಕಳನ್ನು ‘ಪೆನ್ಷನ್ ಬಾಯ್’ಗಳೆಂದು ಪಡೆಯ ಲೆಕ್ಕಕ್ಕೆ ಸೇರಿಸಿಕೊಂಡು ಅನ್ನ ಕೊಟ್ಟು, ಮುಂದೆ ಅವರನ್ನೇ ಸಿಪಾಯಿಗಳನ್ನಾಗಿ ಮಾಡುವ ಏರ್ಪಾಡೂ ಇತ್ತು. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಅನ್ನ ಸಿಕ್ಕಿತು, ನಿಜ; ಆದರೆ ಆ ಅನ್ನದ ಬೆಲೆಯಾಗಿ ಅವನ ಮುಂದಿನ ಬಾಳನ್ನೂ ಸೈನ್ಯ ತನ್ನದಾಗಿಸಿಕೊಂಡಿತು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ದೂರ, ಅವಧಿ, ಜನಸಂಖ್ಯೆ ಮೂರೂ ಹಿಂದೆಂದೂ ಕಾಣದಷ್ಟು ಬೆಳೆದವು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು. 70,000ಕ್ಕೂ ಹೆಚ್ಚು ಜನ ಸತ್ತರು. ಮೈಸೂರು ಸಂಸ್ಥಾನದ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದರೆ ಸಾಮ್ರಾಜ್ಯದ ಸೇವೆಗೆಂದು ಸಂಸ್ಥಾನ ಸಾಕಿದ್ದ ಭರ್ಜಿ ಹಿಡಿದ ಕುದುರೆಪಡೆ, 1914ರಲ್ಲಿ ಹೊರಟು ಸೂಯೆಜ್ ಕಾಲುವೆಯ ಕಾವಲಿನಿಂದ ಆರಂಭಿಸಿ ಪ್ಯಾಲೆಸ್ಟೈನ್‌ವರೆಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಗೆದ್ದದ್ದೂ, ಅಕ್ಟೋಬರ್ 26ರಂದು ಅಲೆಪ್ಪೋ ಬಳಿಯ ಹರಿತಾನ್‌ನಲ್ಲಿ ಕಾದಿದ್ದೂ ಇದೇ ಪಡೆ. ಹೈಫಾದ ವಿಜಯವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಆ ಸವಾರರ ಮನೆಗಳು ನಾಲ್ಕು ವರ್ಷಗಳ ಕಾಲ ಕಾದಿದ್ದವು ಎಂಬುದೂ, ಹೈಫಾ ಬಿದ್ದ ಅದೇ ತಿಂಗಳುಗಳಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಇನ್‌ಫ್ಲುಯೆಂಜಾ ಹಬ್ಬಿ ಮನೆಮನೆಯಲ್ಲಿ ಸಾವಾಗುತ್ತಿತ್ತು ಎಂಬುದೂ ಅದೇ ಚರಿತ್ರೆಯ ಭಾಗ. ರಣರಂಗದಲ್ಲಿದ್ದವನು ಮನೆಯವರಿಗಾಗಿ ಹೆದರಬೇಕಾಗಿ ಬಂದ ಕಾಲ ಅದು. ಅಪಾಯ ಎರಡೂ ತುದಿಯಲ್ಲಿತ್ತು.

ಈ ಯುದ್ಧದಲ್ಲಿ ಮನೆಗೂ ರಣರಂಗಕ್ಕೂ ನಡುವಿನ ಸೇತುವೆಯಾದದ್ದು ಅಂಚೆ. ಭಾರತದಲ್ಲಿ ಮನಿಯಾರ್ಡರ್ 1880ರಲ್ಲಿ ಆರಂಭವಾಗಿತ್ತು. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಭಾರತ ಸರ್ಕಾರದ ಅಂಚೆಯೊಂದಿಗೆ ಸೇರಿಹೋಗಿತ್ತು. ಸಿಪಾಯಿಯೊಬ್ಬ ತನ್ನ ಸಂಬಳದಲ್ಲಿ ಇಷ್ಟನ್ನು ತಿಂಗಳು ತಿಂಗಳು ಮನೆಗೆ ಕಳುಹಿಸಬೇಕೆಂದು ಬರೆಸಿಟ್ಟರೆ ಅದನ್ನು ‘ಫ್ಯಾಮಿಲಿ ಅಲಾಟ್‌ಮೆಂಟ್’ ಎನ್ನುತ್ತಿದ್ದರು. ಆ ಹಣ ಮನಿಯಾರ್ಡರಾಗಿ ಊರಿನ ಅಂಚೆಯವನ ಚೀಲದಲ್ಲಿ ಬರುತ್ತಿತ್ತು. ಭಾರತೀಯ ಸಿಪಾಯಿಯ ತಿಂಗಳ ಸಂಬಳ ಆಗ 11 ರೂಪಾಯಿ. ಓದು ಬಾರದ ತಾಯಿಯೋ ಹೆಂಡತಿಯೋ ಸಾಕ್ಷಿಯ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯುತ್ತಿದ್ದಳು. ಊರಿನ ಮಗ್ಗುಲು ಮನೆಗಳಿಗೆಲ್ಲ ಗೊತ್ತಾಗುವಂತೆ ನಡೆಯುತ್ತಿದ್ದ ಈ ಹಣದ ಬಟವಾಡೆಗೆ ಸಂಬಳದ ಲೆಕ್ಕವನ್ನು ಮೀರಿದ ಅರ್ಥವಿತ್ತು: ಹಣ ಬಂದಿದೆಯೆಂದರೆ ಕಳುಹಿಸಿದವನ ಹೆಸರು ಇನ್ನೂ ಪಡೆಯ ಪಟ್ಟಿಯಲ್ಲಿದೆ ಎಂದೇ ಮನೆಯವರು ತಿಳಿದುಕೊಳ್ಳಬಹುದಾಗಿತ್ತು. ಒಂದು ತಿಂಗಳು ಹಣ ತಡವಾದರೆ ಅನ್ನದ ಚಿಂತೆಗಿಂತ ಮೊದಲು ಪ್ರಾಣದ ಚಿಂತೆ ಹುಟ್ಟುತ್ತಿತ್ತು. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ತೆರೆದು ಓದುವುದಕ್ಕಾಗಿ 1914ರಿಂದಲೇ ಸೆನ್ಸಾರ್ ಕಚೇರಿಯೊಂದು ಕೆಲಸ ಮಾಡುತ್ತಿತ್ತು. ಆ ಕಚೇರಿ ಅನುವಾದಿಸಿ ಉಳಿಸಿಕೊಂಡ ಪತ್ರಭಾಗಗಳಲ್ಲಿ ಹೊಲ, ಸಾಲ, ದನ, ಮಕ್ಕಳ ಮದುವೆ, ಮನೆಗೆ ಹಣ ಮುಟ್ಟಿತೇ ಇಲ್ಲವೇ ಎಂಬ ವಿಚಾರಣೆಗಳು ಯುದ್ಧದ ವರ್ಣನೆಯಷ್ಟೇ ಜಾಗ ಪಡೆದಿವೆ.

ಅದೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಹೆಂಡತಿಯರಿಗೆ ಸರ್ಕಾರದ ಬೊಕ್ಕಸದಿಂದ ಅಗಲಿಕೆಯ ಭತ್ಯೆ, ಅಂದರೆ ಗಂಡ ದೂರವಿರುವ ಕಾಲದ ಜೀವನಕ್ಕೆಂದು ಪ್ರತ್ಯೇಕ ಹಣ ಸಲ್ಲುತ್ತಿತ್ತು. ಭಾರತೀಯ ಸಿಪಾಯಿಯ ಮನೆಗೆ ಬರುತ್ತಿದ್ದುದು ಮುಖ್ಯವಾಗಿ ಅವನದೇ ಸಂಬಳದ ಪಾಲು. ಉಳಿದದ್ದು ಚಂದಾ ಮತ್ತು ದಾನಕ್ಕೆ ಬಿಟ್ಟ ವಿಷಯವಾಗಿತ್ತು. 1914ರ ಆಗಸ್ಟಿನಲ್ಲಿ ವೈಸ್‌ರಾಯ್ ಹಾರ್ಡಿಂಜ್ ಇಂಪೀರಿಯಲ್ ಇಂಡಿಯನ್ ರಿಲೀಫ್ ಫಂಡ್ ಎಂಬ ಪರಿಹಾರ ನಿಧಿಯನ್ನು ಆರಂಭಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆಂದು 50 ಲಕ್ಷ ರೂಪಾಯಿ ಕೊಟ್ಟರು. ಸಾಮ್ರಾಜ್ಯದ ಯುದ್ಧಕ್ಕೆ ಸಂಸ್ಥಾನ ಕೊಟ್ಟ ಈ ಮೊತ್ತವನ್ನು ಸಿಪಾಯಿಯ 11 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿದರೆ, ಯಾರ ತ್ಯಾಗ ದಾಖಲೆಗೆ ಬಂದಿತು, ಯಾರದು ಬರಲಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಆದರೆ ಈ ಯುದ್ಧದ ಕೊನೆಯಲ್ಲಿ ಬಂದ ಎರಡು ಏರ್ಪಾಡುಗಳು ಮುಂದಿನ ದಾರಿಯನ್ನು ತೆರೆದವು. ಒಂದು, 1918ರಲ್ಲಿ ಬಂದು 1925ರಲ್ಲಿ ಹೊಸದಾಗಿ ರೂಪುಗೊಂಡ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧದ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲೆ ದಾವೆ ಹೂಡಿದಾಗ ಅವನು ಹಾಜರಾಗಲಾರನೆಂದು ನ್ಯಾಯಾಲಯ ಏಕಪಕ್ಷೀಯವಾಗಿ ತೀರ್ಪು ಕೊಡಬಾರದು, ಸೇನೆಯ ಅಧಿಕಾರಿ ದೃಢೀಕರಿಸಿದರೆ ವಿಚಾರಣೆಯನ್ನು ಮುಂದೂಡಬೇಕು ಎಂಬುದು ಅದರ ತಿರುಳು. ಸಾಲ ಕೊಟ್ಟ ಸಾಹುಕಾರನೋ ಪಾಲು ಕೇಳುವ ದಾಯಾದಿಯೋ ಮನೆಯ ಯಜಮಾನ ಇಲ್ಲದ ಸಮಯ ನೋಡಿ ಹೊಲ ಬರೆಸಿಕೊಳ್ಳುವುದನ್ನು ತಡೆಯುವುದಕ್ಕಾಗಿ ಬಂದ ಈ ಕಾಯ್ದೆ, ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಬಳ್ಳಾರಿ, ಕೊಡಗುಗಳ ಸೈನಿಕರ ಮನೆಗಳಿಗೂ ಅನ್ವಯಿಸುತ್ತಿತ್ತು. ವೀರಗಲ್ಲಿನ ಶಾಪಾಶಯ ಸತ್ತವನ ಮನೆಗೆ ಮಾಡಿದ ಕೆಲಸವನ್ನು ಕಾನೂನಿನ ಕಲಮು ಬದುಕಿದ್ದವನ ಮನೆಗೆ ಮಾಡಲು ಹೊರಟಿತು. ಇನ್ನೊಂದು, 1919ರಲ್ಲಿ ಆರಂಭವಾದ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಮತ್ತು ಅದರ ಕೆಳಗೆ ಹುಟ್ಟಿಕೊಂಡ ಜಿಲ್ಲಾ ಮಂಡಳಿಗಳು. ಸೈನಿಕನ ಮನೆಯವರು ಅಹವಾಲು ಹೇಳಿಕೊಳ್ಳಲು ಜಿಲ್ಲೆಯಲ್ಲಿಯೇ ಒಂದು ಬಾಗಿಲು ಇರಬೇಕೆಂಬ ಈ ಕಲ್ಪನೆಯೇ ಇಂದಿನ ಕೇಂದ್ರೀಯ ಸೈನಿಕ ಮಂಡಳಿಯಾಗಿಯೂ ಕರ್ನಾಟಕದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಾಗಿಯೂ ಬೆಳೆದಿದೆ.

ಎರಡನೆಯ ಮಹಾಯುದ್ಧವು ಮನೆಗಳನ್ನು ಹಸಿವಿಗಿಂತ ಹೆಚ್ಚಾಗಿ ಸುದ್ದಿಯ ಬರದಿಂದ ನೋಯಿಸಿತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾದಾಗ ಮೈಸೂರು ಸಂಸ್ಥಾನದ ಕಾಲಾಳುಪಡೆಯೊಂದೂ ಸೇರಿದಂತೆ ಹತ್ತಾರು ಸಾವಿರ ಭಾರತೀಯ ಸೈನಿಕರು ಸೆರೆಯಾದರು. ಸತ್ತವರ ಪಟ್ಟಿಗೂ ಬದುಕಿದವರ ಪಟ್ಟಿಗೂ ಸೇರದ ‘ಕಾಣೆಯಾದವರು’ ಎಂಬ ವರ್ಗ ದೊಡ್ಡದಾಯಿತು. ಮೂರೂವರೆ ವರ್ಷ ಎಷ್ಟೋ ಹೆಂಗಸರು ಮುತ್ತೈದೆಯೋ ವಿಧವೆಯೋ ಎಂಬುದೇ ತಿಳಿಯದೆ ಬಾಳಿದರು. ಹಬ್ಬದ ದಿನ ಅರಿಶಿನ ಕುಂಕುಮ ತೆಗೆದುಕೊಳ್ಳುವ ಕೈಗೂ ಆ ಅನುಮಾನ ಅಡ್ಡಬಂದಿರಬೇಕು. ಸೆರೆಯಾದವರಲ್ಲಿ ಬಹಳ ಜನ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ಕೊಡಗಿನ ಒಂದೇ ಮನೆಯಲ್ಲಿ ಕೆ.ಎಸ್. ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೇನೆಯ ಅಧಿಕಾರಿಯಾಗಿ ಹೋರಾಡುತ್ತಿದ್ದರೆ ಅವರ ಸಹೋದರ ಪೊನ್ನಪ್ಪನವರು ಆಜಾದ್ ಹಿಂದ್ ಫೌಜಿನಲ್ಲಿದ್ದರು. ಫೌಜಿನವರ ಮನೆಗಳ ನೆರವಿಗೆ ಮೊದಲು ನಿಂತದ್ದು ಕಾಂಗ್ರೆಸ್ ಕಟ್ಟಿದ ಪರಿಹಾರ ಸಮಿತಿ. ಸ್ವತಂತ್ರ ಭಾರತದ ಸರ್ಕಾರ 1972ರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯಲ್ಲಿ ಅವರನ್ನೂ ಸೇರಿಸಿಕೊಂಡಿತು. ಯಾವ ಮನೆಯ ಕಣ್ಣೀರಿಗೆ ಮನ್ನಣೆ ಸಲ್ಲಬೇಕೆಂಬುದನ್ನು ಆಳುವವರ ರಾಜಕೀಯ ತೀರ್ಮಾನಿಸುತ್ತದೆ ಎಂಬುದಕ್ಕೆ ಈ ಮೂವತ್ತು ವರ್ಷಗಳ ತಡವೇ ಸಾಕ್ಷಿ. ಯುದ್ಧ ಮುಗಿಯುತ್ತಿದ್ದಂತೆ ಬೆಳಗಾವಿಯಲ್ಲಿ 1945ರಲ್ಲಿಯೂ ಬೆಂಗಳೂರಿನಲ್ಲಿ 1946ರಲ್ಲಿಯೂ ಸೈನಿಕರ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆಂದು ಕಿಂಗ್ ಜಾರ್ಜ್ ಹೆಸರಿನ ಮಿಲಿಟರಿ ಶಾಲೆಗಳು ತೆರೆದವು. ತಂದೆ ಊರೂರು ಅಲೆಯುವಾಗ ಮಗನ ಓದು ಒಂದೆಡೆ ನಿಲ್ಲಬೇಕೆಂಬ ಅಗತ್ಯವನ್ನು ಅವು ಪೂರೈಸಿದವು.

ಸ್ವಾತಂತ್ರ್ಯದ ನಂತರ ಈ ಹೊಣೆ ರಾಷ್ಟ್ರದ್ದೆಂಬ ಮಾತು ಬಹಿರಂಗವಾಗಿ ಕೇಳಿಬಂದಿತು. 1949ರಿಂದ ಪ್ರತಿವರ್ಷ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವಾಗಿ ಆಚರಿಸಿ, ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರಿಗೂ ಪುಟ್ಟ ಧ್ವಜ ಹಂಚಿ, ಯೋಧರ ಕುಟುಂಬಗಳಿಗಾಗಿ ಹಣ ಕೂಡಿಸುವ ಪದ್ಧತಿ ಬೆಳೆಯಿತು. ಪಡೆ ಎಲ್ಲಿದೆ ಎಂಬ ಗುಟ್ಟನ್ನು ಬಿಟ್ಟುಕೊಡದೆ ಕಾಗದವನ್ನು ಮುಟ್ಟಿಸುವ ಸೇನಾ ಅಂಚೆಯ ವಿಳಾಸ, ಅಂದರೆ ಹೆಸರು, ಸಂಖ್ಯೆ, ಪಡೆ, ಕೊನೆಗೆ 56 ಎಪಿಒ ಎಂಬ ನಾಲ್ಕು ಸಾಲು, ಕೊಡಗಿನಿಂದ ಬೆಳಗಾವಿಯವರೆಗೆ ಸೈನಿಕರ ಮನೆಗಳಲ್ಲಿ ಚಿಕ್ಕಮಕ್ಕಳಿಗೂ ಬಾಯಿಪಾಠವಾಗಿತ್ತು. ಸೈನ್ಯದ ಮಾತಿನಲ್ಲಿ ಸಂಸಾರ ಕರೆದುಕೊಂಡು ಹೋಗಲಾಗದ ಗಡಿಯ ನೆಲೆಗೆ ‘ಫೀಲ್ಡ್’ ಎಂದೂ, ಒಟ್ಟಿಗೆ ಇರಬಹುದಾದ ನೆಲೆಗೆ ‘ಪೀಸ್’ ಎಂದೂ ಹೆಸರು. ಫೀಲ್ಡಿಗೆ ಹೋದವರ ಹೆಂಡತಿ ಮಕ್ಕಳಿಗಾಗಿ ಪ್ರತ್ಯೇಕ ವಸತಿಗೃಹಗಳು ಬಂದವು. 1962ರ ಯುದ್ಧದ ವರ್ಷ ರಾಷ್ಟ್ರೀಯ ರಕ್ಷಣಾ ನಿಧಿ ಹುಟ್ಟಿತು. 1966ರಲ್ಲಿ ಸೈನಿಕರ ಹೆಂಡತಿಯರೇ ಸೇರಿದ ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್ ನೋಂದಣಿಯಾಯಿತು. ಕಾಯುವವರು ನೆರವು ಪಡೆಯುವವರಾಗಿ ಮಾತ್ರ ಉಳಿಯದೆ, ಒಬ್ಬರಿಗೊಬ್ಬರು ನೆರವಾಗುವವರಾಗಿ ಸಂಘಟಿತರಾದದ್ದು ಈ ಚರಿತ್ರೆಯ ಮುಖ್ಯ ತಿರುವು.

ಆ ವರ್ಷಗಳಲ್ಲಿ ಕರ್ನಾಟಕದ ಮನೆತನವೊಂದು ತೋರಿದ ನಡತೆ ಇಲ್ಲಿ ಉಲ್ಲೇಖಾರ್ಹ. 1965ರ ಯುದ್ಧದಲ್ಲಿ ವಾಯುಪಡೆಯ ಕೆ.ಸಿ. ನಂದಾ ಕಾರ್ಯಪ್ಪನವರ ವಿಮಾನ ಉರುಳಿ ಅವರು ಪಾಕಿಸ್ತಾನದಲ್ಲಿ ಸೆರೆಯಾದಾಗ, ಒಂದು ಕಾಲಕ್ಕೆ ಅವರ ತಂದೆ ಕೆ.ಎಂ. ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದ, ಆ ದೇಶದ ಅಧ್ಯಕ್ಷ ಅಯೂಬ್ ಖಾನರು ವಿಶೇಷ ಸೌಕರ್ಯ ಒದಗಿಸಲು ಮುಂದಾದರು. ಸೆರೆಯಲ್ಲಿರುವ ಭಾರತೀಯರೆಲ್ಲರೂ ತನಗೆ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಬೇಕು ಎಂದು ಕಾರ್ಯಪ್ಪನವರು ಆ ಸೌಕರ್ಯವನ್ನು ನಿರಾಕರಿಸಿದರೆಂಬುದು ಪ್ರಸಿದ್ಧ. ಅದರ ಹಿಂದಿನ ವರ್ಷವೇ ಅವರು ಮಾಜಿ ಸೈನಿಕರ ಹಿತಕ್ಕಾಗಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗನ್ನು ಕಟ್ಟಿದ್ದರು. ಕಾಯುವ ಮನೆಗಳ ನಡುವೆ ಹಿರಿದು ಕಿರಿದು ಇರಕೂಡದು ಎಂಬ ತತ್ತ್ವವನ್ನು ಅವರು ಹೇಳಿದ್ದು ತಾವೇ ಕಾಯುತ್ತಿದ್ದಾಗ.

1971ರ ಯುದ್ಧದ ತರುವಾಯ ಸತ್ತವರ ಮನೆಗಳ ವಿಷಯದಲ್ಲಿ ದೊಡ್ಡ ಬದಲಾವಣೆಯಾಯಿತು. 1972ರಲ್ಲಿ ಉದಾರೀಕೃತ ಪಿಂಚಣಿ, ಅಂದರೆ ಯುದ್ಧದಲ್ಲಿ ಮಡಿದವರ ಪತ್ನಿಗೆ ಸಾಧಾರಣ ಕುಟುಂಬ ಪಿಂಚಣಿಗಿಂತ ಹೆಚ್ಚಾಗಿ, ಗಂಡನ ಕೊನೆಯ ಸಂಬಳಕ್ಕೆ ಸಮನಾಗಿ ಸಲ್ಲುವ ಪಿಂಚಣಿ ಜಾರಿಗೆ ಬಂದಿತು. ಅದೇ ವರ್ಷ ವಿ. ಮೋಹಿನಿ ಗಿರಿಯವರು ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘವನ್ನು ಕಟ್ಟಿದರು. ಕರ್ನಾಟಕದಲ್ಲಿ ಇದೇ ಕಾಲದ ಇನ್ನೊಂದು ಕಾನೂನು ಕಾಯುವ ಮನೆಗಳಿಗೆ ನೇರವಾಗಿ ಸಂಬಂಧಿಸಿತ್ತು. 1961ರ ಭೂಸುಧಾರಣಾ ಕಾಯ್ದೆಯೂ 1974ರಲ್ಲಿ ಅದಕ್ಕೆ ಬಂದ ತಿದ್ದುಪಡಿಯೂ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿ ಗೇಣಿಯನ್ನು ಕೊನೆಗಾಣಿಸಿದವು. ಆದರೆ ಸೈನಿಕನು ಗೇಣಿಗೆ ಕೊಡುವುದು ತಾನು ಉಳಲಾರದ ದೂರದಲ್ಲಿರುವುದರಿಂದ. ಅವನ ಮನೆಗೆ ಗೇಣಿಯ ಭತ್ತವೇ ಅನ್ನ. ಇದನ್ನು ಅರಿತ ಶಾಸನಸಭೆ ಸೈನಿಕರಿಗೂ ನಾವಿಕರಿಗೂ ಭೂಮಿಯನ್ನು ಗೇಣಿಗೆ ಕೊಡುವ ಅವಕಾಶವನ್ನೂ, ಸೇವೆ ಮುಗಿದ ಮೇಲೆ ಅದನ್ನು ಮರಳಿ ಪಡೆಯುವ ಹಕ್ಕನ್ನೂ ಕಾಯ್ದೆಯಲ್ಲಿ ಉಳಿಸಿತು. ನಾಡಿನ ಅತ್ಯಂತ ಮುಖ್ಯ ಸಾಮಾಜಿಕ ಕಾನೂನೊಂದು ತನ್ನ ಮೂಲ ನಿಯಮಕ್ಕೆ ಮಾಡಿಕೊಂಡ ಈ ವಿನಾಯಿತಿಯಲ್ಲಿ, ಗಡಿಯಲ್ಲಿರುವವನು ಹೊಲದ ಒಡೆತನ ಕಳೆದುಕೊಳ್ಳಬಾರದೆಂಬ ವಿವೇಕವಿದೆ.

1999ರ ಕಾರ್ಗಿಲ್ ಸಂಘರ್ಷದಲ್ಲಿ 527 ಯೋಧರು ಮಡಿದರು. ಹಿಂದಿನ ಯುದ್ಧಗಳಲ್ಲಿ ಹೆಚ್ಚಾಗಿ ರಣರಂಗದ ಸಮೀಪದಲ್ಲಿಯೇ ಅಂತ್ಯಸಂಸ್ಕಾರ ನಡೆಯುತ್ತಿದ್ದರೆ, ಈ ಬಾರಿ ಮಡಿದವರ ದೇಹಗಳು ಊರಿಗೇ ಬಂದವು. ಮನೆಯವರಿಗೆ ಕೊನೆಯ ಸಲ ಮುಖ ನೋಡುವ ಅವಕಾಶ ಸಿಕ್ಕಿತು. ಊರಿಗೆ ಊರೇ ಅವರ ಜೊತೆ ನಿಂತಿತು. ಆದರೆ ಜೊತೆಗೆ ಬಂದ ಪರಿಹಾರದ ಹಣ ಅತ್ತೆ ಮಾವಂದಿರ ಮತ್ತು ಸೊಸೆಯ ನಡುವೆ ಎಷ್ಟೋ ಕಡೆ ವ್ಯಾಜ್ಯವನ್ನೂ ತಂದಿತು. ಮಗನನ್ನು ಕಳೆದುಕೊಂಡ ಮುದುಕರೂ ಗಂಡನನ್ನು ಕಳೆದುಕೊಂಡ ಎಳೆಯ ಹೆಣ್ಣೂ ಒಂದೇ ಮೊತ್ತದ ಎದುರು ಎದುರಾಳಿಗಳಾಗಿ ನಿಲ್ಲಬೇಕಾದ ಸ್ಥಿತಿ ಅದು. ಶೌರ್ಯ ಪ್ರಶಸ್ತಿಯೊಂದಿಗೆ ಬರುವ ಭತ್ಯೆಯು ಮರುಮದುವೆಯಾದ ವಿಧವೆಗೆ ಮುಂದುವರಿಯಬೇಕಾದರೆ ಅವಳು ಸತ್ತ ಗಂಡನ ಸಹೋದರನನ್ನೇ ಮದುವೆಯಾಗಿರಬೇಕು ಎಂಬ ಷರತ್ತು 2017ರವರೆಗೂ ಉಳಿದಿತ್ತು. ಆ ವರ್ಷ ರಕ್ಷಣಾ ಸಚಿವಾಲಯ ಅದನ್ನು ತೆಗೆದುಹಾಕಿತು. ನೆರವು ಕೊಡುವ ಕೈಯೇ ಹೆಣ್ಣಿನ ಬಾಳನ್ನು ಗಂಡನ ಮನೆಗೆ ಕಟ್ಟಿಹಾಕುವ ಮನೋಭಾವ ಮಾಸ್ತಿಗಲ್ಲಿನ ಕಾಲದೊಂದಿಗೆ ಮುಗಿದಿರಲಿಲ್ಲ ಎಂಬುದನ್ನು ಈ ತಡವಾದ ತಿದ್ದುಪಡಿ ನೆನಪಿಸುತ್ತದೆ.

ಸಾವಿರ ವರ್ಷಗಳ ಈ ಹಾದಿಯನ್ನು ಒಟ್ಟಾಗಿ ನೋಡಿದರೆ ನೆರವಿನ ಸ್ವರೂಪ ಒಡೆಯನ ಕೊಡುಗೆಯಿಂದ ಪ್ರಜೆಯ ಹಕ್ಕಿನ ಕಡೆಗೆ ಸರಿದಿರುವುದು ಕಾಣುತ್ತದೆ. ಕಲ್ನಾಡಿನ ಜಾಗದಲ್ಲಿ ಪಿಂಚಣಿ ನಿಂತಿದೆ; ಶಾಪದ ಜಾಗದಲ್ಲಿ ಕಾಯ್ದೆ ನಿಂತಿದೆ. ಆದರೆ ಕಾಯುವ ಕಾಲದ ಋಣ ಇನ್ನೂ ಪೂರ್ತಿಯಾಗಿ ತೀರಿಲ್ಲ. ಸತ್ತವನ ಮನೆಗೆ ಮಂತ್ರಿಗಳು ಬರುತ್ತಾರೆ, ಬೀದಿಗೆ ಅವನ ಹೆಸರಿಡುತ್ತಾರೆ. ಆರು ತಿಂಗಳಿಂದ ಸಿಯಾಚಿನ್‌ನಲ್ಲಿರುವವನ ಮನೆಯಲ್ಲಿ ಮಗು ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯುವವರು ಪಕ್ಕದ ಮನೆಯವರೇ. ಹಾಗಾದರೆ ಚರಿತ್ರೆ ಕೊಡುವ ತಿಳಿವಳಿಕೆ ಸರಳವಾದದ್ದು. ಜಮ್ಮಾ ಭೂಮಿ, ತಿಂಗಳ ಮನಿಯಾರ್ಡರ್, ವ್ಯಾಜ್ಯ ಕಾಯ್ದೆ, ಗೇಣಿಯ ವಿನಾಯಿತಿ, ಇವೆಲ್ಲ ಫಲ ಕೊಟ್ಟದ್ದು ಅವು ಯೋಧ ಬದುಕಿರುವಾಗಲೇ, ಕೇಳದೆಯೇ, ತಪ್ಪದೆ ಮನೆಗೆ ತಲುಪಿದ್ದರಿಂದ. ತಾಲ್ಲೂಕು ಕಚೇರಿಯಲ್ಲಿ ಸೈನಿಕನ ತಾಯಿಯ ಅರ್ಜಿ ಮೊದಲು ವಿಲೇವಾರಿಯಾಗುವುದು, ಅವನ ಹೊಲದ ಗಡಿಗೆ ಯಾರೂ ಕೈಹಾಕದಿರುವುದು, ಅವನ ಸುದ್ದಿ ಟಿವಿಗಿಂತ ಮೊದಲು ಮನೆಗೆ ಮುಟ್ಟುವುದು ಯಾವ ಸ್ಮಾರಕಕ್ಕೂ ಕಡಿಮೆಯಾದ ಗೌರವವಲ್ಲ. ಮಡಿದವರಿಗೆ ಕಲ್ಲು ನಿಲ್ಲಿಸುವುದನ್ನು ಕನ್ನಡ ನಾಡು ಯಾರಿಂದಲೂ ಕಲಿಯಬೇಕಾಗಿಲ್ಲ; ಕಾಯುವವರ ಜೊತೆ ನಿಲ್ಲುವುದನ್ನು ಅದೇ ನಿಷ್ಠೆಯಿಂದ ಕಲಿತಾಗ ಮಾತ್ರ ಆ ಹಳೆಯ ಜೋಳದ ಋಣ ಎರಡೂ ಕಡೆಯಿಂದ ಸಲ್ಲುತ್ತದೆ.